ನಿವಾಳಿಸಿದ ಉಪ್ಪು

ಊಟ ಆಯಿತಲ್ಲ ಎಲ್ಲರದ್ದೂ? ಆಗದಿದ್ದವರು ಎದ್ದು ಹೋಗಿ ಮುಗಿಸಿಕೊಂಡು ಬನ್ನಿ. ಇದನ್ನು ಕೇಳಿದ ಮೇಲೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಹೆದರಿಕೆಗಲ್ಲ... ಹೇಸಿಗೆಗೆ.

ಇದು ನಮ್ಮ ದೊಡ್ಡಮ್ಮನ ಮಗಳು ಭವಾನಿಗೆ ಆದದ್ದು. ಹೋದ ಬೇಸಿಗೆ, ಮದ್ರಾಸಿನಲ್ಲಿ. ಭವಾನಿ ಎಂಥವಳು ಅಂತ ಹೇಳಿಬಿಡುತ್ತೇನೆ. ಹೋಟೆಲಿಗೆ ಹೋದರೆ ಲೋಟಕ್ಕೆ ಬಿಸಿನೀರು ಹಾಕಿಸಿ, ಕುಲುಕಿ, ಚೆಲ್ಲಿ, ಕೊನೆಗೆ ತನ್ನ ಬಾಟಲಿಯಿಂದಲೇ ಕುಡಿಯುವವಳು. ಗಂಡನ ಟವೆಲು ಮುಟ್ಟಿದರೂ ಕೈ ತೊಳೆಯುತ್ತಾಳೆ. ಮಗಳು ಕಚ್ಚಿ ಬಿಟ್ಟ ಇಡ್ಲಿಯನ್ನು ತಾಯಂದಿರೆಲ್ಲ ತಿಂದು ಮುಗಿಸುತ್ತಾರೆ, ಅವಳು ತಿನ್ನುವುದಿಲ್ಲ. ಅಂಥವಳನ್ನೇ ಹುಡುಕಿಕೊಂಡು ಬಂತು ಇದು.

ಅವತ್ತು ಶುಕ್ರವಾರ. ಪ್ಯಾರೀಸ್ ಕಾರ್ನರ್ ಹತ್ತಿರದ ಇನ್ಶೂರೆನ್ಸ್ ಆಫೀಸಿನಿಂದ ಅವಳು ಹೊರಟದ್ದೇ ತಡವಾಗಿ. ಅದರ ಮೇಲೆ ಸಿಗ್ನಲ್ ಕೆಟ್ಟು ಎಲೆಕ್ಟ್ರಿಕ್ ಟ್ರೈನು ನಿಂತು ನಿಂತು ಬಂತು. ಪಲ್ಲಾವರಂನಲ್ಲಿ ಇಳಿಯುವಾಗ ಅಂಗಡಿಗಳೆಲ್ಲ ಬಾಗಿಲು ಎಳೆದಿದ್ದವು. ಮೈಯೆಲ್ಲ ಬೆವರು. ಅವಳದ್ದಷ್ಟೇ ಆಗಿದ್ದರೆ ಸರಿ, ಗಾಡಿಯಲ್ಲಿ ಒತ್ತಿಕೊಂಡು ನಿಂತವರದ್ದೂ. ಯಾರದ್ದೋ ತೋಳಿನ ಬೆವರು ತನ್ನ ತೋಳಿನ ಮೇಲೆ ಒಣಗಿ ಚುರುಚುರು ಅನ್ನುತ್ತಿತ್ತು. ಅಲ್ಲಿಯ ಶುಕ್ರವಾರದ ಸಂತೆಯವರು ಗಂಟು ಕಟ್ಟಿಕೊಂಡು ಹೋಗಿದ್ದರು. ದಾರಿಯ ತುಂಬ ಕೊಳೆತ ಟೊಮೆಟೊ, ಮೀನು ತೊಳೆದ ನೀರು. ಸೀರೆಯ ನಿರಿಗೆ ಎತ್ತಿ ಹಿಡಿದು, ಉಸಿರು ಬಿಗಿಹಿಡಿದು ನಡೆದಳು.

ಅವರ ಬೀದಿಗೆ ತಿರುಗುವ ಮೂಲೆಯಲ್ಲಿ ಒಂದು ಹಳೇ ಬಾವಿ. ಮುಂಚೆ ಬೀದಿಯವರೆಲ್ಲ ದೃಷ್ಟಿ ತೆಗೆದ ಉಪ್ಪನ್ನು ಅದಕ್ಕೇ ಹಾಕುತ್ತಿದ್ದರು. ಒಂದು ಸಲ ಕರು ಬಿದ್ದು ಸತ್ತ ಮೇಲೆ ಬಾವಿಯ ಬಾಯಿಗೆ ಕಾಂಕ್ರೀಟ್ ಹಲಗೆ ಮುಚ್ಚಿದರು. ಹಲಗೆಯ ಒಂದು ಮೂಲೆ ಒಡೆದು, ಅಂಗೈ ತೂರುವಷ್ಟು ಬಿರುಕು ಬಿಟ್ಟಿತ್ತು. ಬಾವಿ ಮುಚ್ಚಿದರೂ ಜನ ಬಿಡಲಿಲ್ಲ. ಉಪ್ಪಿನ ಪೊಟ್ಟಣ ತಂದು ಹಲಗೆಯ ಮೇಲೇ ಇಟ್ಟು ಹೋಗುತ್ತಿದ್ದರು.

ಬಾವಿ ಕಂಡಾಗಲೇ ಭವಾನಿಗೆ ನೆನಪಾದದ್ದು. ಬ್ಯಾಗಿನಲ್ಲಿ ಅವಳದ್ದೂ ಒಂದು ಪೊಟ್ಟಣ ಇತ್ತು.

ಅದು ಬೆಳಿಗ್ಗೆ ಅತ್ತೆ ಸುಮಿತ್ರಮ್ಮ ಕೊಟ್ಟದ್ದು. ಭವಾನಿಯ ಮಗಳು ನಿಖಿತಾ, ಒಂದನೇ ಕ್ಲಾಸು ಮುಗಿಸಿದ ಹುಡುಗಿ, ನೆಂಟರ ಮದುವೆಯಲ್ಲಿ ಕುಣಿದು ಎಲ್ಲರಿಂದ ಶಭಾಷ್ ಅನ್ನಿಸಿಕೊಂಡು ಬಂದಿದ್ದಳು. ಬಂದಾಗಿನಿಂದ ಊಟ ಸೇರದು. ಅಜ್ಜಿ ಮುಷ್ಟಿ ತುಂಬ ಕಲ್ಲುಪ್ಪು ಹಿಡಿದು ಮೊಮ್ಮಗಳಿಗೆ ನಿವಾಳಿಸಿ, "ಉಗುಳವ್ವ ಇದರ ಮ್ಯಾಲೆ," ಅಂದರು. ಹುಡುಗಿ ಥೂ ಥೂ ಅಂತ ಉಗುಳಿದಳು. ಆ ಉಗುಳುಪ್ಪನ್ನು ಕಾಗದದಲ್ಲಿ ಕಟ್ಟಿ ಸೊಸೆಯ ಕೈಗೆ ಕೊಟ್ಟರು.

"ನನ್ನ ಮೊಣಕಾಲು ನಡಿಗೊಡವಲ್ಲದು. ಹೋಗೋವಾಗ ಬಾವಿಗೆ ಹಾಕವ್ವ. ಉಪ್ಪು ನೀರಿಗೆ ಸೇರಬೇಕು, ನೋಡು. ಬಿರುಕಿನ್ಯಾಗ ಹಾಕು, ಮ್ಯಾಲೆ ಇಟ್ಟು ಬರಬ್ಯಾಡ."

ಬೆಳಿಗ್ಗೆ ಬೀದಿಯಲ್ಲಿ ಜನ ನೋಡುತ್ತಾರೆ ಅಂತ ನಾಚಿಕೆಯಾಗಿ ಭವಾನಿ ಅದನ್ನು ಬ್ಯಾಗಿನ ಹೊರಜೇಬಿಗೆ ತುರುಕಿ ಟ್ರೈನು ಹತ್ತಿದ್ದಳು. ಈಗ ಎರಡು ಬೆರಳಲ್ಲಿ ಜೇಬು ತೆರೆದರೆ... ಉಪ್ಪೆಲ್ಲ ನೀರೊಡೆದು ಕಾಗದ ಲೊಳಲೊಳ ಅನ್ನುತ್ತಿದೆ. ಮಗಳ ಉಗುಳು, ಅತ್ತೆಯ ಅಂಗೈ ಬೆವರು, ಇಡೀ ದಿನದ ಸೆಕೆ, ಎಲ್ಲ ಸೇರಿದ ನೀರು ಬಾಚಣಿಗೆಗೆ, ಕರ್ಚೀಫಿಗೆ ಇಳಿದಿತ್ತು. ಆ ಮುದ್ದೆಯನ್ನು ಬೆರಳ ತುದಿಯಲ್ಲಿ ಎತ್ತಿ, ತೋಳು ಉದ್ದ ಮಾಡಿ, ಹಲಗೆಯ ಹತ್ತಿರ ಹೋದಳು.

ಆಗ ಕೇಳಿಸಿತು.

ಚಪ್... ಚಪ್... ಸರ್ರ್... ಚಪ್...

ಎಮ್ಮೆ ತನ್ನ ಕರುವನ್ನು ನೆಕ್ಕುವಾಗ ಬರುತ್ತದಲ್ಲ, ಆ ಸದ್ದು. ಒರಟು ನಾಲಿಗೆ ಕಲ್ಲಿನ ಮೇಲೆ ಎಳೆದ ಸದ್ದು. ಬೀದಿದೀಪ ಆ ಮೂಲೆಗೆ ಸರಿಯಾಗಿ ಬೀಳುವುದಿಲ್ಲ. ಹಲಗೆಯ ಆಚೆ ಯಾರೋ ಕುಕ್ಕರಗಾಲಲ್ಲಿ ಕೂತಿದ್ದರು. ಬಗ್ಗಿದ ಬೆನ್ನು, ಇಳಿಬಿದ್ದ ಸೆರಗು. ಸ್ಟೇಷನ್ ಹತ್ತಿರ ತಿರುಗುವ ಯಾವುದೋ ಬುದ್ಧಿ ಕೆಟ್ಟ ಮುದುಕಿ ಅಂದುಕೊಂಡಳು ಭವಾನಿ. ಹರಿದ ಪೊಟ್ಟಣಗಳ ಕಾಗದ ಸುತ್ತ ಬಿದ್ದಿತ್ತು. ಬೀದಿಯ ರೋಗದವರು, ಬಸುರಿಯರು, ಮಕ್ಕಳು ಉಗುಳಿದ ಉಪ್ಪು. ಅದನ್ನು ಅದು...

ಸದ್ದು ನಿಂತಿತು.

"ಉಪ್ಪು ಇರುಕ್ಕಾ, ಮಾ?"

ಪಿಸುಮಾತು. ತಮಿಳಿನಲ್ಲಿ. ಉಪ್ಪಿದೆಯಾ ಅಮ್ಮ ಅಂತ, ಪಕ್ಕದ ಮನೆಯವರು ಕೇಳಿದಷ್ಟು ಮೆತ್ತಗೆ.

ಮುದ್ದೆಯನ್ನು ಅಲ್ಲೇ ಬಿಸಾಡಿ ಓಡಬೇಕು ಅಂತ ಭವಾನಿ ಕೈ ಕೊಡವಿದಳು. ಒದ್ದೆ ಕಾಗದ ಬೆರಳಿಗೆ ಮೆತ್ತಿಕೊಂಡು ಬೀಳಲೊಲ್ಲದು. ಇನ್ನೊಂದು ಸಲ ಕೊಡವುವಷ್ಟರಲ್ಲಿ ಅದು ಮುಂದೆ ಬಂತು. ಕೈ ಚಾಚಲಿಲ್ಲ... ಬಾಯಿ ಚಾಚಿತು. ಅವಳ ಬೆರಳುಗಳ ಮೇಲೆ ನಾಲಿಗೆ ಹರಿಯಿತು. ಮರಳುಕಾಗದದ ಹಾಗೆ ಒರಟು. ಫ್ರಿಜ್ಜಿನಿಂದ ತೆಗೆದ ಮಾಂಸದಷ್ಟು ತಣ್ಣಗೆ. ಅಷ್ಟು ಹತ್ತಿರ ಬಂದರೂ ಉಸಿರು ತಾಗಲಿಲ್ಲ. ಬಾಯಿಯ ವಾಸನೆ ಮಾತ್ರ ಬಂತು, ಪಾಚಿ ಕಟ್ಟಿದ ನೀರಲ್ಲಿ ಇಲಿ ಸತ್ತು ನಾರುವ ವಾಸನೆ.

ಮನೆ ಮುಟ್ಟಿದ್ದು ಹೇಗೆ ಅಂತ ಅವಳಿಗೆ ಗೊತ್ತಿಲ್ಲ. ಸೋಪು, ಡೆಟಾಲ್, ನಿಂಬೆಹಣ್ಣು, ಪಾತ್ರೆ ಉಜ್ಜುವ ನಾರು... ಬೆರಳು ಕೆಂಪಾಗುವವರೆಗೂ ಉಜ್ಜಿದಳು.

"ಹಾಕಿದ್ಯಾ?" ಒಳಗಿನಿಂದ ಅತ್ತೆ ಕೇಳಿದರು.

"ಹಾಕಿದೆ," ಅಂದಳು. ಹೇಳುವುದಕ್ಕೂ ಹೇಸಿಗೆ ಅವಳಿಗೆ.

ಮಾರನೇ ದಿನ ಮೊದಲು ಕಂಡದ್ದು ಶರ್ಟು. ಭವಾನಿಯ ಗಂಡ ಶಿವರಂಜನ್ ತಾಂಬರಂನಲ್ಲಿ ರೈಲ್ವೆ ಕೆಲಸದವನು. ಡ್ಯೂಟಿ ಮುಗಿಸಿ ಬಂದು ಶರ್ಟನ್ನು ಬಾಲ್ಕನಿಯ ಮೊಳೆಗೆ ಸಿಕ್ಕಿಸಿ ಮಲಗುತ್ತಾನೆ. ಬೆನ್ನ ಮೇಲೆ ಬೆವರು ಒಣಗಿ ಬಿಳೀ ಉಪ್ಪಿನ ಗೆರೆ ಕಟ್ಟಿರುತ್ತದೆ. ಬೆಳಿಗ್ಗೆ ಒಗೆಯಲು ಭವಾನಿ ಕೋಲಿನಿಂದ ಎತ್ತಿದರೆ, ಬಿಳೀ ಗೆರೆ ಇಲ್ಲ. ಬೆನ್ನಿನ ಬಟ್ಟೆ ಒದ್ದೆ. ಎತ್ತಿದ ಕೋಲಿಗೆ ಎಳೆ ಎಳೆಯಾಗಿ ಜೊಲ್ಲು ಜಿನುಗಿತು. ಆ ವಾಸನೆ ಮತ್ತೆ.

ಬೆಕ್ಕು ಇರಬೇಕು ಅಂದ ಶಿವರಂಜನ್. ಶರ್ಟನ್ನು ಅವಳು ಹಾಗೇ ಕಸದ ಬುಟ್ಟಿಗೆ ಹಾಕಿದಳು.

ಎರಡನೆಯದು ಮಗಳು. ನಿಖಿತಾ ಅಜ್ಜಿಯ ಪಕ್ಕ ನೆಲದ ಮೇಲೆ ಮಲಗುವವಳು. ರಾತ್ರಿ ನಿದ್ದೆಗಣ್ಣಲ್ಲಿ ಕಾಲು ಎಳೆದುಕೊಂಡು ಗೊಣಗಿದಳಂತೆ: "ಅಮ್ಮಾ... ನಾಯ್ ನಕ್ಕುದು ಮಾ..."

ಹುಡುಗಿಗೆ ಬಾಯಿಗೆ ಬರುವುದು ತಮಿಳೇ. ಅರೆನಿದ್ದೆಯಲ್ಲಿದ್ದ ಅಜ್ಜಿಗೆ ಅದು ಕನ್ನಡವಾಗಿ ಕೇಳಿಸಿತು. "ನಾಯಿ ನಕ್ಕಿತಾ? ನಗಲಿ ಬಿಡವ್ವ, ಮಕ್ಕೋ," ಅಂತ ತಟ್ಟಿ ಮಲಗಿಸಿದರು. ಬೆಳಿಗ್ಗೆ ನಗುನಗುತ್ತಾ ಸೊಸೆಗೆ ಹೇಳಿದರು. ಭವಾನಿಗೆ ನಗು ಬರಲಿಲ್ಲ. ತಮಿಳಿನಲ್ಲಿ ಆ ಮಾತಿಗೆ ಅರ್ಥ, ನಾಯಿ ನೆಕ್ಕುತ್ತಿದೆ ಅಂತ. ಅವರ ಮನೆಯಲ್ಲಿ ನಾಯಿ ಇಲ್ಲ. ಮೂರನೇ ಮಹಡಿ. ಬಾಗಿಲಿಗೆ ಗ್ರಿಲ್ಲು.

ಮಗಳ ಅಂಗಾಲು ತಿರುಗಿಸಿ ನೋಡಿದಳು. ಇಡೀ ರಾತ್ರಿ ನೀರಲ್ಲಿ ನೆನೆಸಿಟ್ಟ ಹಾಗೆ ಬೆಳ್ಳಗೆ ಸುಕ್ಕುಗಟ್ಟಿತ್ತು. ಕತ್ತಿನ ಹಿಂದೆ, ಕಿವಿಯ ಹಿಂದೆ ಚರ್ಮ ಉಜ್ಜಿ ಉಜ್ಜಿ ಕೆಂಪಾಗಿತ್ತು. ಕೂದಲು ಒಂದೇ ಕಡೆಗೆ ಅಂಟಿ ಒಣಗಿತ್ತು... ದನ ನೆಕ್ಕಿದ ಕರುವಿನ ಕೂದಲು ಹೇಗಿರುತ್ತದೋ ಹಾಗೆ.

ಆಮೇಲೆ ಹುಡುಗಿ ಇಳಿಯುತ್ತ ಹೋದಳು. ತೂಗಾಡುತ್ತ ನಡೆಯುವುದು, ವಾಂತಿ, ಕರೆದರೆ ಯಾರನ್ನೋ ನೋಡುವ ಹಾಗೆ ನೋಡುವುದು. ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ರಕ್ತ ಪರೀಕ್ಷೆ ಮಾಡಿದ ಡಾಕ್ಟರು, ಮೈಯಲ್ಲಿ ಉಪ್ಪಿನ ಅಂಶ ತೀರ ಇಳಿದಿದೆ, ಈ ಬಿಸಿಲಿಗೆ ಬೆವರಿ ಹೋಗಿರಬೇಕು ಅಂದರು. ಡ್ರಿಪ್ಪು ಹಾಕಿದರು. ಹುಡುಗಿ ಚೇತರಿಸಿಕೊಂಡಳು, ಮನೆಗೆ ಬಂದಳು. ಬಂದ ರಾತ್ರಿಯೇ ಮತ್ತೆ ಅದೇ. ಮತ್ತೆ ಡ್ರಿಪ್ಪು. ಈ ಸಲ ಡಾಕ್ಟರು ಹಣೆ ಉಜ್ಜಿಕೊಂಡರು. "ಎಷ್ಟು ಉಪ್ಪು ಕೊಟ್ಟರೂ ಇವಳಲ್ಲಿ ನಿಲ್ಲುತ್ತಿಲ್ಲವಲ್ಲ, ಎಲ್ಲಿ ಹೋಗುತ್ತಿದೆ?"

ಎಲ್ಲಿ ಹೋಗುತ್ತಿದೆ ಅಂತ ಭವಾನಿಗೆ ಗೊತ್ತಿತ್ತು. ಗೊತ್ತಿದ್ದೂ ತನಗೆ ತಾನೇ ಹೇಳಿಕೊಳ್ಳಲಿಲ್ಲ.

ಎರಡನೇ ಸಲ ಮನೆಗೆ ಬಂದ ರಾತ್ರಿ ಅವಳು ಮಲಗಲಿಲ್ಲ. ಶಿವರಂಜನ್‌ಗೆ ರಾತ್ರಿಪಾಳಿ. ಕರೆಂಟು ಹೋಗಿತ್ತು. ಫ್ಯಾನು ಟಕ್ ಟಕ್ ಅನ್ನುತ್ತ ನಿಂತಿತು. ಸೆಕೆಗೆ ಮಗಳ ಹಣೆಯಲ್ಲಿ ಹನಿ ಮೂಡತೊಡಗಿತು. ಮನೆಯ ಮೇಲಿಂದ ಒಂದು ವಿಮಾನ ಏರ್‌ಪೋರ್ಟಿನ ಕಡೆ ಇಳಿದು ಹೋಯಿತು. ಕಿಟಕಿಯ ಗಾಜು ಗಿರ್ರ್ ಅಂದು ಸುಮ್ಮನಾಯಿತು. ಆ ನಿಶ್ಶಬ್ದದೊಳಗೆ...

ಚಪ್... ಸರ್ರ್... ಚಪ್...

ಭವಾನಿ ಮೊಬೈಲಿನ ಟಾರ್ಚು ಹಾಕಿದಳು.

ಯಾರೂ ಇಲ್ಲ. ಆದರೆ ಮಗಳ ಅಂಗಾಲಿನ ಚರ್ಮ ಹಿಮ್ಮಡಿಯ ಹತ್ತಿರ ಒಳಗೊತ್ತಿತು. ಒತ್ತಿದ ಗುಳಿ ಮೆಲ್ಲಗೆ ಮೇಲಕ್ಕೆ ಸರಿಯಿತು, ಹಿಮ್ಮಡಿಯಿಂದ ಬೆರಳ ಬುಡಕ್ಕೆ. ಹಿಂದೆ ಒದ್ದೆಯ ಗೆರೆ ಹೊಳೆಯಿತು. ಬೆರಳುಗಳು ಒಂದೊಂದಾಗಿ ಅಗಲವಾದವು, ನಡುವೆ ಏನೋ ತೂರಿಕೊಂಡ ಹಾಗೆ. ಆಮೇಲೆ ಮತ್ತೆ ಹಿಮ್ಮಡಿಯಿಂದ.

ಅವಳು ಮಗಳನ್ನು ಬಾಚಿ ಎತ್ತಿಕೊಂಡಳು. ಸದ್ದು ನಿಂತಿತು. ಸುಮಿತ್ರಮ್ಮ ಎದ್ದು ಕೂತಿದ್ದರು. ಅವರೂ ನೋಡಿದ್ದರು.

ಇಬ್ಬರೂ ಪಿಸುಗುಟ್ಟಿದರು.

"ಅವತ್ತು ಉಪ್ಪು ಎಲ್ಲಿ ಹಾಕಿದಿ? ಖರೇ ಹೇಳು."

"ಹಾಕಲಿಲ್ಲ ಅತ್ತೆ... ಕೈಯಿಂದಲೇ ನೆಕ್ಕಿಬಿಟ್ಟಿತು."

"ಕೈಯಿಂದ ಕೊಟ್ಟ್ಯಾ?"

"ಕೊಡಲಿಲ್ಲ. ಅದೇ ತಗೊಂಡಿತು."

"ಎರಡೂ ಒಂದೇ, ತಾಯಿ. ಉಪ್ಪನ್ನ ಒಬ್ಬರ ಕೈಯಿಂದ ಒಬ್ಬರಿಗೆ ಕೊಡಬಾರದು ಅಂತ ಅದಕ್ಕ ಹೇಳೋದು. ನಿನ್ನ ಕೈಯಿಂದ ನಿನ್ನ ಮಗಳ ಉಪ್ಪು ತಿಂದೈತಿ. ರುಚಿ ಹತ್ತೈತಿ ಅದಕ್ಕ."

"ಅಡಿಗೆಮನೇಲಿ ಡಬ್ಬಿ ತುಂಬ ಉಪ್ಪಿದೆಯಲ್ಲ, ಅದನ್ನ ತಿನ್ನಲಿ!"

"ಅದನ್ನ ಮುಟ್ಟಂಗಿಲ್ಲ ಅದು. ಮನಷ್ಯಾರ ಮೈಯಿಂದ ಇಳಿದಿದ್ದೇ ಬೇಕು. ಬಾವಿ ಮುಚ್ಚಿದ ಮ್ಯಾಲೆ ಎಲ್ಲರೂ ಒಣಾ ಉಪ್ಪು ಇಟ್ಟು ಹೋಗ್ಯಾರ. ನೀರು ಮಾತ್ರ ಯಾರೂ ಹಾಕಿಲ್ಲ, ನೀರಡಿಸೈತಿ ಅದು."

ಸುಮಿತ್ರಮ್ಮ ಹಣೆಗೆ ವಿಭೂತಿ ಹಚ್ಚಿಕೊಂಡು, ಮೊಮ್ಮಗಳ ಹಣೆಗೂ ಹಚ್ಚಿದರು. ಆಮೇಲೆ ಹೇಳಿದರು.

"ಕೊಟ್ಟ ಕೈನೇ ವಾಪಸ್ ಇಸಗೋಬೇಕು. ಅಂಗೈ ಚಾಚಿ ಕೇಳು. ಅದು ಉಗುಳತೈತಿ. ಉಗುಳಿದ್ದನ್ನ ನೀರಿಗೆ ಹಾಕಿ, ಆ ನೀರು ಬಿರುಕಿನ್ಯಾಗ ಸುರುವು. ಆದರ ಒಂದು ಮಾತು, ಭವಾನಿ... ಛೀ ಅನ್ನಬ್ಯಾಡ. ಮುಖ ಸಿಂಡರಿಸಬ್ಯಾಡ. ಕೈ ಹಿಂದಕ್ಕ ಎಳೀಬ್ಯಾಡ. ನೀನು ಹೇಸಿದಿ ಅಂದ್ರ ಕೊಡಂಗಿಲ್ಲ ಅದು."

"ನೀವು ಬನ್ನಿ ಅತ್ತೆ."

"ನನ್ನ ಕೈಯಿಂದ ತಿಂದಿಲ್ಲ. ನಾ ಕೂಸಿನ ಹತ್ತಿರ ಕುಂದರ್ತೀನಿ."

ಪ್ಲಾಸ್ಟಿಕ್ ಬಿಂದಿಗೆಯಲ್ಲಿ ನೀರು ತುಂಬಿಕೊಂಡು ಭವಾನಿ ಇಳಿದಳು. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಬಿಂದಿಗೆಯ ನೀರು ಸೊಂಟದ ಹತ್ತಿರ ಗುಳುಕ್ ಗುಳುಕ್ ಅನ್ನುತ್ತಿತ್ತು. ಹಲಗೆಯ ಆಚೆ ಯಾರೂ ಕೂತಿರಲಿಲ್ಲ. ಅವಳು ಬಿರುಕಿನ ಹತ್ತಿರ ಮಂಡಿಯೂರಿ, ಬಲ ಅಂಗೈಯನ್ನು ಬಟ್ಟಲ ಹಾಗೆ ಮಾಡಿ ಹಿಡಿದಳು.

"ನನ್ನ ಮಗಳ ಉಪ್ಪು ಕೊಡು," ಅಂದಳು. ಗಂಟಲಿನಿಂದ ಗಾಳಿಯಷ್ಟೇ ಬಂತು. ಇನ್ನೊಂದು ಸಲ ಅಂದಳು. "ನನ್ನ ಮಗಳ ಉಪ್ಪು... ಕೊಡಮ್ಮ."

ಒಳಗಿನಿಂದ ಮೊದಲು ಕ್ಯಾಕರಿಸುವ ಸದ್ದು. ಖ್ಖರ್ರ್... ಎಲೆಅಡಿಕೆ ಹಾಕುವ ಮುದುಕರು ಬೆಳಿಗ್ಗೆ ಗಂಟಲು ಕೀಳುತ್ತಾರಲ್ಲ, ಅಂಥದ್ದು. ಬಹಳ ಕೆಳಗಿನಿಂದ ಹೊರಟು ಮೇಲೆ ಮೇಲೆ ಬಂತು. ಬಿರುಕಿನ ತನಕ.

ಪಚ್.

ಅಂಗೈ ಮೇಲೆ ಬಿತ್ತು. ಮೊಟ್ಟೆಯ ಲೋಳೆಯ ಹಾಗೆ, ಅದರೊಳಗೆ ಹರಳು ಹರಳು ಉಪ್ಪು. ತಣ್ಣಗೆ. ಭವಾನಿ ಹಲ್ಲು ಕಚ್ಚಿದಳು. ಮುಗಿಯಿತು ಅಂದುಕೊಂಡಳು... ಮುಗಿಯಲಿಲ್ಲ. ಇನ್ನೊಂದು. ಮತ್ತೊಂದು. ಆಮೇಲೆ ಎಡೆಬಿಡದೆ ಕಕ್ಕತೊಡಗಿತು. ಕೊಳೆತ ಮೆಣಸಿನಕಾಯಿ, ನಿಂಬೆಹಣ್ಣಿನ ಬೀಜ, ಕೂದಲ ಉಂಡೆ, ಯಾರದ್ದೋ ಗಾಯಕ್ಕೆ ಕಟ್ಟಿದ್ದ ಹತ್ತಿ, ಇಡೀ ಬೀದಿ ಎಷ್ಟೋ ಕಾಲದಿಂದ ಉಗುಳಿ ಉಗುಳಿ ಕಳಿಸಿದ ಎಂಜಲು. ಅಂಗೈ ತುಂಬಿ ಮುಂಗೈಗೆ ಹರಿದು ಮೊಣಕೈಯಿಂದ ತೊಟ್ಟಿಕ್ಕಿತು. ವಾಸನೆಗೆ ಕಣ್ಣಲ್ಲಿ ನೀರು ಬಂತು. ಅವಳು ಮುಖ ಸಿಂಡರಿಸಲಿಲ್ಲ. ಮಗಳು ಹುಟ್ಟಿದ ದಿನ, ಒರೆಸದೆಯೇ, ರಕ್ತ ಲೋಳೆಯ ಸಮೇತ ಎದೆಯ ಮೇಲೆ ತಂದಿಟ್ಟಿದ್ದರು. ಅವತ್ತು ತಾನು ಛೀ ಅಂದಿರಲಿಲ್ಲ. ಅದೊಂದನ್ನೇ ಹಿಡಿದುಕೊಂಡು ಕೂತಳು.

ಕೊನೆಗೆ ನಿಂತಿತು. ಅಂಗೈಯಲ್ಲಿದ್ದದ್ದನ್ನೆಲ್ಲ ಬಿಂದಿಗೆಯ ನೀರಿಗೆ ಇಳಿಸಿದಳು. ಕೈ ತೆಗೆಯಬೇಕು ಅನ್ನುವಷ್ಟರಲ್ಲಿ ಬಿರುಕಿನಿಂದ ನಾಲಿಗೆ ಬಂತು. ಅವಸರ ಇಲ್ಲ ಅದಕ್ಕೆ. ಹೆಬ್ಬೆರಳು... ತೋರುಬೆರಳು... ಒಂದೊಂದನ್ನೂ ಬುಡದಿಂದ ತುದಿಯವರೆಗೆ, ಉಗುರಿನ ಸಂದಿಯನ್ನೂ ಬಿಡದೆ, ಪಾಯಸ ಉಂಡವರು ಕೈ ನೆಕ್ಕಿಕೊಳ್ಳುವ ಹಾಗೆ ನೆಕ್ಕಿತು. ಅವಳು ಕೈ ಎಳೆಯಲಿಲ್ಲ.

"ಕುಡಿ ಇನ್ನು," ಅಂದಳು ಭವಾನಿ, ಮತ್ತು ಬಿಂದಿಗೆ ಬಗ್ಗಿಸಿದಳು.

ನೀರು ಆಳಕ್ಕೆ ಬಿದ್ದ ಸದ್ದು ಬರಲಿಲ್ಲ. ಹಲಗೆಯ ಕೆಳಗೇ, ಬಿರುಕಿಗೆ ಬಾಯಿ ಹಚ್ಚಿ ಕುಡಿದ ಸದ್ದು. ಗುಟುಕ್... ಗುಟುಕ್... ಗುಟುಕ್... ಬಿಂದಿಗೆ ಖಾಲಿಯಾಯಿತು. ಒಳಗೆ ಯಾರೋ ಹೊಟ್ಟೆ ತುಂಬಿದವರ ಹಾಗೆ ಉದ್ದಕ್ಕೆ ತೇಗಿದರು.

ಹಿಂದಕ್ಕೆ ನೋಡದೆ ಮನೆಗೆ ಬಂದಳು. ಸುಮಿತ್ರಮ್ಮ ಬಾಗಿಲು ತೆರೆದರು. ಕೈ ಮೇಲೆ ನೀರು ಹುಯ್ದರು, ಹುಯ್ಯುತ್ತಲೇ ಇದ್ದರು. ಬಚ್ಚಲಲ್ಲಿ ಭವಾನಿ ಹೊಟ್ಟೆಯೊಳಗಿದ್ದದ್ದನ್ನೆಲ್ಲ ಕಕ್ಕಿದಳು. ಅತ್ತೆ ಬೆನ್ನು ಸವರಿದರು.

ಬೆಳಗಿನ ಹೊತ್ತಿಗೆ ಕರೆಂಟು ಇನ್ನೂ ಬಂದಿರಲಿಲ್ಲ. ನಿಖಿತಾಳ ಹಣೆ, ಕತ್ತು, ಮೂಗಿನ ತುದಿ ಎಲ್ಲ ಬೆವರು. ದಪ್ಪ ದಪ್ಪ ಹನಿ, ಯಾರೂ ಮುಟ್ಟದೆ ಹಾಗೇ ನಿಂತಿದ್ದವು. ಭವಾನಿ ಬಗ್ಗಿ ಆ ಒದ್ದೆ ಹಣೆಗೆ ಮುತ್ತು ಕೊಟ್ಟಳು. ತುಟಿಗೆ ಉಪ್ಪು ಹತ್ತಿತು. ಒರೆಸಿಕೊಳ್ಳಲಿಲ್ಲ. ಇನ್ನೊಂದು ಕೊಟ್ಟಳು.

"ಪಸಿಕ್ಕುದು ಮಾ," ಅಂತ ಕಣ್ಣು ಬಿಟ್ಟಳು ಹುಡುಗಿ. ಹಸಿವೆ ಅಂತ. ಆ ಮಾತು ಕೇಳಿ ಎಷ್ಟು ದಿನವಾಗಿತ್ತೋ. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಎಲ್ಲ ಸರಿಯಾಗಿತ್ತು. ಡಾಕ್ಟರಿಗೆ ಕೊನೆಗೂ ಅರ್ಥವಾಗಲಿಲ್ಲ, ಇವರೂ ಹೇಳಲಿಲ್ಲ. ಈಗಲೂ ಸುಮಿತ್ರಮ್ಮ ದೃಷ್ಟಿ ತೆಗೆಯುತ್ತಾರೆ. ಆದರೆ ಉಪ್ಪನ್ನು ಮನೆಯಲ್ಲೇ ಲೋಟ ನೀರಲ್ಲಿ ಕರಗಿಸಿ, ಆ ನೀರನ್ನು ಭವಾನಿಯೇ ಒಯ್ದು ಬಿರುಕಿಗೆ ಸುರಿದು ಬರುತ್ತಾಳೆ.

ಕಟ್ಟುಕತೆ ಅಂತ ನಗುವವರು ನಗಿ. ನಾನೂ ಮೊದಲು ನಕ್ಕವನೇ. ಮೊನ್ನೆ ಗೃಹಪ್ರವೇಶಕ್ಕೆ ಬಂದಿದ್ದಾಗ ಭವಾನಿ ಒಂದು ಮಾತು ಹೇಳಿದಳು, ಊಟಕ್ಕೆ ಕೂತಲ್ಲೇ, ಬಹಳ ಸಾಮಾನ್ಯ ವಿಷಯ ಹೇಳುವ ಹಾಗೆ. ಆಫೀಸಿನಲ್ಲಿ ಬೆರಳೊತ್ತುವ ಹಾಜರಿ ಮೆಷಿನ್ನು ಅವಳ ಬಲಗೈಯ ಯಾವ ಬೆರಳನ್ನೂ ಹಿಡಿಯುತ್ತಿಲ್ಲವಂತೆ. ಒತ್ತಿದಷ್ಟು ಸಲವೂ ಟೀಂಯ್ ಅನ್ನುತ್ತದಂತೆ. ಎಡಗೈ ಕೊಡುತ್ತಾಳೆ ಈಗ.

ಎಲ್ಲಿ ಕೊಡು ನೋಡೋಣ ಅಂತ ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿದೆ. ಸುಟ್ಟ ಗಾಯವಿಲ್ಲ, ಕಲೆಯಿಲ್ಲ. ಐದೂ ಬೆರಳ ತುದಿ ನುಣ್ಣಗೆ, ಬಟಾಣಿ ಕಾಳಿನ ಹಾಗೆ... ಒಂದೇ ಒಂದು ಗೆರೆಯಿಲ್ಲ. ನನ್ನ ಕಣ್ಣಾರೆ ನೋಡಿದ್ದೇನೆ. ಈ ಹೆಬ್ಬೆರಳಿನಿಂದ ಸವರಿ ನೋಡಿದ್ದೇನೆ.